ಕೈ ಮೊದಲು, ಸದ್ದು ಆಮೇಲೆ

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಶೇಂಗಾ ಎಣ್ಣೆಯ ವಾಸನೆ ಮೂಗಿಗೆ ಬಂತು. ಇಲ್ಲಿನ ಎಣ್ಣೆ ಮಿಲ್ಲುಗಳು ಎಷ್ಟೋ ಮುಚ್ಚಿಹೋದವು ಅಂತ ಯಾರೋ ಹೇಳಿದ್ದರು. ಮುಚ್ಚಿರಬಹುದು, ವಾಸನೆಯಂತೂ ಊರು ಬಿಟ್ಟು ಹೋಗಿಲ್ಲ. ಆ ವಾಸನೆಯ ಹಿಂದೆಯೇ ಒಂದು ಮಳೆಗಾಲ, ಒಂದು ಗೋಡೆ ತುಂಬ ಹಸಿರು ಚುಕ್ಕಿಗಳು, ಒಬ್ಬ ತಾಯಿಯ ಎತ್ತಿದ ಕೈ, ಎಲ್ಲ ಬಂದವು.

ನನ್ನನ್ನು ಕರೆಸಿದವಳು ಸಹನಾ. ಈ ಭಾಗದ ಹಳ್ಳಿಗಳಿಗೆ ಟೀವಿ ಮತ್ತು ಇಂಟರ್ನೆಟ್ ಕೊಡುವ ಕೇಬಲ್ ಕಂಪನಿಯೊಂದರಲ್ಲಿ ಹೊಸ ಎಂಜಿನಿಯರ್. ಹೋದ ವಾರ ಫೋನ್ ಮಾಡಿದ್ದಳು.

"ಸಾರ್, ನೀವು ಆರು ವರ್ಷದ ಹಿಂದೆ ಹಾಕಿದ್ದ ಸಿಸ್ಟಮ್ ತೆಗೆದು ಹೊಸದು ಹಾಕ್ತಿದೀವಿ. ಅದ್ರಾಗೆ ಎರಡು ರೂಲ್ ಏನೂಂತ ಗೊತ್ತಾಗ್ತಿಲ್ಲ. ಒಂದಕ್ಕೆ 'ಅಮಾವಾಸ್ಯೆ' ಅಂತ ಹೆಸರೈತೆ, ಇನ್ನೊಂದಕ್ಕೆ 'ಕೈ ಮೊದಲು' ಅಂತ. ಕಾರಣ ಬರೆಯೋ ಜಾಗ ಖಾಲಿ ಐತೆ. ಅಳಿಸಿಬಿಡ್ಲಾ?"

"ಬೇಡಮ್ಮ, ಬೇಡ. ನಾನೇ ಬರ್ತೀನಿ" ಅಂದೆ. ಎರಡು ಮಾತಿನಲ್ಲಿ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಮನಸ್ಸಾಗಲಿಲ್ಲ.

ಆ ವರ್ಷ ನಾನು ಬಂದದ್ದು ಆಷಾಢದ ಮೊದಲಲ್ಲಿ. ದೀಪಾವಳಿಯೊಳಗೆ ಕೆಲಸ ಮುಗಿಸಿ ಒಪ್ಪಿಸಬೇಕೆಂಬ ಮಾತಾಗಿತ್ತು. ಕೆಲಸ ಇಷ್ಟೇ: ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಕಂಬದಿಂದ ಕಂಬಕ್ಕೆ ಹೋಗುವ ಒಂದೇ ಫೈಬರ್ ತಂತಿಯಲ್ಲಿ ಧಾರಾವಾಹಿ, ಕ್ರಿಕೆಟ್, ಸಿನಿಮಾ, ವಿಡಿಯೋ ಕರೆ ಎಲ್ಲವೂ ಹರಿಯುತ್ತಿದ್ದವು. ಮನೆಯ ಪರದೆಯ ಮೇಲೆ ಚಿತ್ರ ಹೇಗೆ ಬರುತ್ತಿದೆ ಎಂಬುದು ಕಂಪನಿಗೆ ಗೊತ್ತಾಗುತ್ತಿದ್ದದ್ದು ಜನ ಫೋನ್ ಮಾಡಿ ಬೈದಾಗ ಮಾತ್ರ. ಬೈಯುವ ಮೊದಲೇ ತಿಳಿಯುವ ಹಾಗೆ ಮಾಡುವುದು ನನ್ನ ಪಾಲಿನ ಕೆಲಸ. ಆಫೀಸಿನ ಗೋಡೆಗೆ ದೊಡ್ಡ ಪರದೆ ಹಾಕಿಸಿದೆ. ಆಯ್ದ ಕೆಲವು ಮನೆಗಳಲ್ಲಿ ಅಂಗೈಯಷ್ಟು ದೊಡ್ಡ ಅಳತೆ ಪೆಟ್ಟಿಗೆ ಇಟ್ಟೆ. ಆ ಪೆಟ್ಟಿಗೆ ಚಿತ್ರ ಮತ್ತು ಸದ್ದು ಹೇಗೆ ಬರುತ್ತಿವೆ ಎಂದು ಅಳೆದು ಕಳಿಸುತ್ತಿತ್ತು. ಮನೆಗೊಂದು ಚುಕ್ಕಿ. ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು, ಪೆಟ್ಟಿಗೆಯೇ ಸುಮ್ಮನಾದರೆ ಬೂದು.

ನನಗೆ ಆಗ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಅಳೆದದ್ದು ಸತ್ಯ, ಮಿಕ್ಕದ್ದು ಗೊಣಗಾಟ ಎನ್ನುವ ಜಾತಿ. ಅದನ್ನು ಮೊದಲ ದಿನವೇ ಕಂಡುಹಿಡಿದವನು ಲೈನ್‌ಮನ್ ತಿಪ್ಪೇಸ್ವಾಮಿ. ಗೌರಸಮುದ್ರದ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು, ವ್ಯಾನಿನ ಮೇಲೆ ಏಣಿ ಕಟ್ಟಿಕೊಂಡು ಇಡೀ ತಾಲೂಕು ಸುತ್ತುವವನು.

"ನಾನು ಕಂಬದ ಕೆಳಗೆ ನಿಂತ್ರೆ ಸಾಕು ಸಾರ್, ಯಾವ ಮನೇಲಿ ಟೀವಿ ನಿಂತೈತೆ ಅಂತ ಬೈಗುಳದಲ್ಲೇ ಗೊತ್ತಾಗುತ್ತೆ. ಅದಕ್ಕೆ ಗೋಡೆ ತುಂಬ ಪರದೆ ಬೇಕಾ?" ಅಂದ.

"ಬೇಕು" ಅಂದೆ. ಅವನು ನಕ್ಕು ಬೀಡಿ ಹಚ್ಚಿದ.

ಮಳೆ ಆ ವರ್ಷ ಬರೀ ಮೋಡ ತೋರಿಸಿ ಹೋಗುತ್ತಿತ್ತು. ಗಾಳಿ ಮಾತ್ರ ಹಗಲೂ ಸಂಜೆಯೂ ಬೀಸುತ್ತಿತ್ತು. ಕುದಾಪುರದ ಕಡೆಯ ಹುಲ್ಲುಗಾವಲಿನಿಂದ ಎದ್ದ ಧೂಳು ನಮ್ಮ ಆಫೀಸಿನ ಕಿಟಕಿಯ ಸಂದಿಯಲ್ಲಿ ಬಂದು ಕೂರುತ್ತಿತ್ತು. ದಿನಾ ಬೆಳಿಗ್ಗೆ ನಾನು ಮೊದಲು ಪರದೆ ಒರೆಸುತ್ತಿದ್ದೆ, ಆಮೇಲೆ ನೋಡುತ್ತಿದ್ದೆ. ಹಸಿರು, ಹಸಿರು, ಎಲ್ಲ ಹಸಿರು. ಮನಸ್ಸು ತಣ್ಣಗಾಗುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಮೊಳಕಾಲ್ಮೂರಿನ ನೇಕಾರರ ಬೀದಿಯ ಮೂರು ಚುಕ್ಕಿಗಳು ಒಟ್ಟಿಗೇ ಬೂದಾದವು. ಒಂದಾದರೆ ಯಾರೋ ಸ್ವಿಚ್ ಆರಿಸಿದ್ದಾರೆ ಎನ್ನಬಹುದು, ಮೂರೂ ಒಟ್ಟಿಗೆ ಎಂದರೆ ತಂತಿಯೇ ಹರಿದಿದೆ. ನಾನು ತಿಂಡಿ ಬಿಟ್ಟು ವ್ಯಾನು ಹತ್ತಿದೆ.

ತಳುಕು ದಾಟಿದ ಮೇಲೆ ತಿಪ್ಪೇಸ್ವಾಮಿ ಮೆಲ್ಲಗೆ ಅಂದ, "ಸಾರ್, ಇವತ್ತು ಅಮಾಸೆ."

"ಅಮಾವಾಸ್ಯೆಗೂ ಕೇಬಲ್ಲಿಗೂ ಏನ್ರೀ ಸಂಬಂಧ?"

ಅವನು ಮೊಳಕಾಲ್ಮೂರು ಬರುವವರೆಗೆ ತಾನೇ ತಾನಾಗಿ ನಗುತ್ತಾ ಗಾಡಿ ಓಡಿಸಿದ.

ಮೂರರಲ್ಲಿ ಮೊದಲ ಮನೆ ಲಕ್ಷ್ಮೀದೇವಮ್ಮನದು. ಐವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. "ಕೂಚೋಂಡಿ ಸಾರ್, ಕೂಚೋಂಡಿ" ಎಂದು ಚಾಪೆ ಹಾಸಿದರು. ನಾನು ಕೂರಲಿಲ್ಲ. ನನ್ನ ಕಣ್ಣು ಮಗ್ಗದ ಮೇಲಿತ್ತು. ಮಗ್ಗವನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟಿದ್ದರು. ಪಕ್ಕದಲ್ಲಿ ಲಾಳಿ, ಲಾಳಿಯ ಪಕ್ಕದಲ್ಲಿ ನನ್ನ ಅಳತೆ ಪೆಟ್ಟಿಗೆ. ಅದಕ್ಕೂ ಕುಂಕುಮ, ಅದಕ್ಕೂ ಒಂದು ಕನಕಾಂಬರ. ಅದರ ವೈರನ್ನು ಕಿತ್ತು ನೀಟಾಗಿ ಸುತ್ತಿಟ್ಟಿದ್ದರು.

"ಇದನ್ನ ಯಾಕಮ್ಮ ಕಿತ್ತಿರಿ?"

"ಅಮಾಸೆ ಅಲ್ವಾ ಸಾರ್. ಅಮಾಸೆಗೆ ಮಗ್ಗ ಮುಟ್ಟಲ್ಲ ನಾವು. ದುಡಿಯೋದಕ್ಕೆಲ್ಲಾ ಇವತ್ತು ರಜಾ. ಪಾಪ, ಇದೂ ಒಂದೇ ಸಮ ಮಿಣಿಮಿಣಿ ಅಂತ ಅಳೀತಾನೇ ಇರ್ತೈತೆ. ಪಕ್ಕದ ಮನೆಯೋರಿಗೂ ನಾನೇ ಹೇಳ್ದೆ, ಇದಕ್ಕೂ ಒಂದಿನ ಬಿಡುವು ಕೊಡ್ರಿ ಅಂತ."

"ಮತ್ತೆ ಇಂಟರ್ನೆಟ್ಟಿನ ಡಬ್ಬಿ ಮಾತ್ರ ಹಚ್ಚಿಟ್ಟಿದೀರಿ?"

"ಅದು ದುಡಿಯಲ್ಲ ಸಾರ್, ಅದು ಮಾತಾಡೋದು. ಮಾತಿಗೆ ಯಾಕೆ ರಜಾ?"

ಒಂದು ಗಂಟೆಯ ದಾರಿ ಹಸಿದುಕೊಂಡು ಓಡಿ ಬಂದವನಿಗೆ ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಹಿಂದೆ ನಿಂತ ತಿಪ್ಪೇಸ್ವಾಮಿ ನಗು ತಡೆಯಲಾರದೆ ಹೊರಗೆ ಓಡಿದಾಗ ನನಗೂ ನಗು ಬಂದುಬಿಟ್ಟಿತು. ಆಕೆ ಕೊಟ್ಟ ಚಿತ್ರಾನ್ನ ತಿಂದು ವಾಪಸ್ಸು ಬಂದೆ. ಆ ಬೀದಿಯ ಪೆಟ್ಟಿಗೆಗಳು ಅಮಾವಾಸ್ಯೆಯ ದಿನ ಸುಮ್ಮನಾದರೆ ಯಾರೂ ಗಾಬರಿಯಾಗಬಾರದು ಎಂದು ಸಿಸ್ಟಮ್ಮಿನಲ್ಲಿ ಒಂದು ರೂಲ್ ಸೇರಿಸಿದೆ. ಕಾರಣ ಎಂಬ ಜಾಗದಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟೆ.

ಇದಾಗಿ ಮೂರು ವಾರಕ್ಕೆ ಹಳೆಯ ದೂರುಗಳ ಪಟ್ಟಿ ನೋಡುತ್ತಿದ್ದೆ. ಲಕ್ಷ್ಮೀದೇವಮ್ಮನ ಹೆಸರು ನಾಲ್ಕು ಸಲ ಇತ್ತು. ನಾಲ್ಕೂ ಒಂದೇ ದೂರು: ಸಂಜೆ ಏಳರ ಮೇಲೆ ವಿಡಿಯೋ ಕರೆಯಲ್ಲಿ ಚಿತ್ರ ನಿಲ್ಲುತ್ತದೆ. ನಾಲ್ಕಕ್ಕೂ ನಮ್ಮ ಆಫೀಸಿನವರು ಬರೆದ ಉತ್ತರವೂ ಒಂದೇ: ಸದ್ದು ಸರಿಯಿದೆ, ದೂರು ಮುಕ್ತಾಯ. ಪರದೆ ನೋಡಿದೆ. ಆಕೆಯ ಮನೆಯ ಚುಕ್ಕಿ ಹಸಿರು. ಆದರೂ ಇರಲಿ ಎಂದು ಫೋನ್ ಮಾಡಿದೆ.

"ಸದ್ದು ಚೆನ್ನಾಗಿ ಬರ್ತೈತಾ ಅಮ್ಮ?"

"ಸದ್ದು ಬರ್ತೈತೆ ಸಾರ್. ಸದ್ದು ಕಟ್ಕೊಂಡು ನಾನೇನ್ ಮಾಡ್ಲಿ?"

ಈ ಹೆಂಗಸಿಗೆ ಎಷ್ಟು ಕೊಟ್ಟರೂ ಸಾಲದು ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ, ಈಗ ಅದನ್ನು ಮುಚ್ಚಿಟ್ಟು ಏನೂ ಆಗಬೇಕಾಗಿಲ್ಲ. ನನ್ನ ಚುಕ್ಕಿ ಸರಿ ಎಂದು ತೋರಿಸಿಯೇ ಬರುತ್ತೇನೆಂಬ ಹಟಕ್ಕೆ ಬಿದ್ದು ಮಾರನೆಯ ದಿನ ಸಂಜೆ ಮೊಳಕಾಲ್ಮೂರಿಗೆ ಹೋದೆ.

ಆಕೆ ಮಗ್ಗದಿಂದ ಎದ್ದು, ಮುಖ ತೊಳೆದು, ದೀಪದ ಬೆಳಕು ಕೈ ಮೇಲೆ ಬೀಳುವ ಹಾಗೆ ಕೂತಿದ್ದರು. ಫೋನನ್ನು ಒಂದು ತಂಬಿಗೆಗೆ ಒರಗಿಸಿ ನಿಲ್ಲಿಸಿದ್ದರು. ಏಳಕ್ಕೆ ಸರಿಯಾಗಿ ಪರದೆಯ ಮೇಲೆ ಒಬ್ಬಳು ಹುಡುಗಿ ಬಂದಳು. ಮಾತಾಡಲಿಲ್ಲ. ಎರಡು ಕೈ ಎತ್ತಿ ಬೆರಳು ಆಡಿಸಿದಳು. ಇವರೂ ಕೈ ಎತ್ತಿದರು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅದು ಅವರ ಮಗಳು ನಾಗವೇಣಿ, ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ, ಮಾತಿಲ್ಲ.

ಆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮಗಳ ಜೊತೆ ಎರಡೂ ಅಲ್ಲ. ಮಗು ಸದಾ ಮಗ್ಗದ ಅಂಚಿನಲ್ಲಿ ಕೂತು ಅವ್ವನ ಕೈ ನೋಡುತ್ತಾ ಬೆಳೆದಿದ್ದರಿಂದ ಅವರ ಮಾತೆಲ್ಲ ಮಗ್ಗದಿಂದ ಹುಟ್ಟಿತ್ತು. ಲಾಳಿ ಎಸೆದ ಹಾಗೆ ಕೈ ಬೀಸಿದರೆ ಹೋಗಿ ಬಾ. ನೇಯ್ದ ಎಳೆ ಬಿಗಿಯುವ ಹಲಗೆಯನ್ನು ಎದೆಯ ಕಡೆಗೆ ಎಳೆದುಕೊಂಡ ಹಾಗೆ ಮಾಡಿದರೆ ಗಟ್ಟಿಯಾಗಿರು. ಎರಡು ಬೆರಳ ತುದಿಯಲ್ಲಿ ಕಡಿದ ಎಳೆಯನ್ನು ಸಣ್ಣಗೆ ಹೊಸೆದು ಸೇರಿಸಿದ ಹಾಗೆ ಮಾಡಿದರೆ, ಕಡಿದಿದ್ದನ್ನು ಸೇರಿಸಿ ಮುಂದಕ್ಕೆ ನೇಯಿ, ಎದ್ದು ಹೋಗಬೇಡ. ಕಿವಿ ಕೇಳುವ ಜನಕ್ಕೆ ಇದು ಬರೀ ಬೆರಳಾಟ. ಈ ಭಾಷೆ ಬಲ್ಲವರು ಭೂಮಿಯ ಮೇಲೆ ಇಬ್ಬರೇ.

ಅಷ್ಟರಲ್ಲಿ ಚಿತ್ರ ನಿಂತಿತು. ಹುಡುಗಿಯ ಕೈ ಗಾಳಿಯಲ್ಲಿ ಅರ್ಧಕ್ಕೇ ನಿಂತಿತ್ತು. ಲಕ್ಷ್ಮೀದೇವಮ್ಮ ತಮ್ಮ ಎತ್ತಿದ ಕೈಯನ್ನು ಇಳಿಸಲಿಲ್ಲ. ಹಾಗೇ ಹಿಡಿದು ಕಾದರು. ಫೋನಿನಿಂದ ಮಗಳಿರುವ ಹಾಸ್ಟೆಲಿನ ಫ್ಯಾನಿನ ಸದ್ದು, ಯಾರೋ ಹುಡುಗಿಯರು ನಗುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಸದ್ದು ಸರಿಯಿತ್ತು. ಚಿತ್ರ ಚಲಿಸಿದಾಗ ಹುಡುಗಿ ಅಳುತ್ತಿದ್ದಳು. ಇವರು ಬೆರಳ ತುದಿ ಜೋಡಿಸಿ ಎಳೆ ಹೊಸೆಯಲು ಶುರು ಮಾಡಿದರು, ಚಿತ್ರ ಮತ್ತೆ ನಿಂತಿತು. ಮೂರು ಸಲ ಶುರು ಮಾಡಿದರು. ಮೂರು ಸಲವೂ ಅದು ಆ ಕಡೆಗೆ ತಲುಪಲಿಲ್ಲ.

ಕರೆ ಮುಗಿದ ಮೇಲೆ ಆಕೆ ಹೇಳಿದರು. ನಾಗವೇಣಿ ಮೈಸೂರಿಗೆ ಹೋಗಿ ಎರಡು ತಿಂಗಳು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಟೀಚರಾಗಲು ಎರಡು ವರ್ಷದ ಓದು. ಅಲ್ಲಿಯವರ ಕೈಭಾಷೆ ಬೇರೆ, ಅದಿನ್ನೂ ಇವಳಿಗೆ ಪೂರ್ತಿ ಬಂದಿಲ್ಲ. ಹಗಲೆಲ್ಲ ಒಬ್ಬಳೇ ಇದ್ದ ಹಾಗೆ. ಸಂಜೆ ಅವ್ವನ ಜೊತೆ ಆಡುವ ಮಾತೇ ಅವಳಿಗೆ ಮಾತು.

"ಬ್ಯಾಗ್ ಕಟ್ಟಿಟ್ಟವಳೆ ಸಾರ್. ಬಂದ್ಬಿಡ್ತೀನಿ, ಮತ್ತೆ ಹೋಗಲ್ಲ ಅಂತಾಳೆ. ಅಮಾಸೆ ತನಕ ತಡಿ, ಅವತ್ತು ಮಗ್ಗ ಇರಲ್ಲ, ಹೊಟ್ಟೆ ತುಂಬ ಮಾತಾಡಾಣ, ಆಮೇಲೆ ನಿನ್ನಿಷ್ಟ ಅಂದಿದೀನಿ. ನಾನು ಹೇಳ್ಬೇಕಾಗಿರೋ ಮಾತು ಒಂದೇ. ಅದು ಹೋಗಿ ಮುಟ್ತಾನೇ ಇಲ್ಲ."

"ನೀವು ಮೊದಲೇ ಯಾಕೆ ಹೇಳಲಿಲ್ಲಮ್ಮ, ಮಗಳಿಗೆ ಕಿವಿ ಕೇಳಲ್ಲ ಅಂತ?"

"ಯಾರು ಕೇಳಿದ್ರು ಸಾರ್? ಎಲ್ಲಾರೂ ಸದ್ದು ಬರ್ತೈತಾ ಅಂತಷ್ಟೇ ಕೇಳಿದ್ರು."

ವಾಪಸ್ಸು ಬರುವಾಗ ನನಗೆ ತಲೆ ಎತ್ತಿ ಕೂರಲಾಗಲಿಲ್ಲ. ಏಕೆಂದರೆ ತಪ್ಪು ಯಾರದೂ ಅಲ್ಲ, ನನ್ನದೇ. ಸಂಜೆ ತಂತಿಯಲ್ಲಿ ನೂಕುನುಗ್ಗಲಾದಾಗ ಸದ್ದಿಗೆ ಮೊದಲು ದಾರಿ ಬಿಡು, ಆಮೇಲೆ ಟೀವಿ, ಕೊನೆಗೆ ವಿಡಿಯೋ ಕರೆಯ ಚಿತ್ರ ಎಂದು ಬರೆದವನು ನಾನು. ಸದ್ದು ಕಡಿಯದಿದ್ದರೆ ಕರೆ ಚೆನ್ನಾಗಿದೆ ಎಂದು ಅಂಕ ಕೊಡಿಸಿದವನು ನಾನು. ಅದೂ ಸಾಲದೆಂಬಂತೆ ಐದೈದು ನಿಮಿಷದ ಸರಾಸರಿ ತೆಗೆದಿದ್ದೆ. ಹತ್ತು ಸೆಕೆಂಡು ಚಿತ್ರ ನಿಂತರೆ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಒಂದು ಮಾತು ಸಾಯಲು ಹತ್ತು ಸೆಕೆಂಡು ಬೇಕಾದಷ್ಟಾಯಿತು.

ಮಾರನೆಯ ದಿನ ಲೆಕ್ಕವನ್ನೆಲ್ಲ ಬದಲಾಯಿಸಿದೆ. ಸರಾಸರಿ ಬಿಟ್ಟು, ಚಿತ್ರ ಎಷ್ಟು ಸಲ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಎಣಿಸಲು ಹಚ್ಚಿದೆ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಮೊಳಕಾಲ್ಮೂರಿನ ಹತ್ತಿರದ ಹಾನಗಲ್ಲಿನಿಂದ ಆಚೆಗಿನ ಚುಕ್ಕಿಗಳೆಲ್ಲ ಕೆಂಪಾದವು.

ಕಂಪನಿಯ ಮಾಲೀಕರು ಬಾಗಿಲಲ್ಲಿ ನಿಂತು ನೋಡಿದರು. "ಏನ್ರೀ ಇದು? ನಿನ್ನೆ ಎಲ್ಲಾ ಹಸಿರಿತ್ತು. ಹಸಿರಾಗಿದ್ದಿದ್ದನ್ನ ಕೆಂಪು ಮಾಡೋಕೆ ನಿಮ್ಮನ್ನ ಕರೆಸಿದ್ವಾ?"

"ನಿನ್ನೆಯೂ ಕೆಂಪೇ ಇತ್ತು ಸಾರ್. ನಾನು ಹಸಿರು ಬಣ್ಣ ಬಳಿದಿದ್ದೆ."

ಅವರು ಬಾಗಿಲು ಎಳೆದುಕೊಂಡು ಹೋದರು. ದೀಪಾವಳಿಗೆ ಒಪ್ಪಿಸುವ ಮಾತು ಮುರಿದು ಬಿತ್ತೆಂದು ನನಗೆ ಖಾತ್ರಿಯಾಯಿತು. ಆದರೆ ಆ ಕೆಂಪನ್ನು ನೋಡಿ ತಿಪ್ಪೇಸ್ವಾಮಿ ಹಿಗ್ಗಿದ. ಚುಕ್ಕಿಗಳು ಕೆಂಪಾಗುವ ಹೊತ್ತನ್ನು ಬೆರಳಲ್ಲಿ ತೋರಿಸಿ, "ನೋಡ್ರಿ ಸಾರ್, ಗಾಳಿ ಎದ್ದಾಗ ಕೆಂಪು, ಗಾಳಿ ಬಿದ್ದಾಗ ಹಸಿರು. ಹಾನಗಲ್ ಆಚೆ ಯಾವುದೋ ಕಂಬದ ಜಾಯಿಂಟ್ ಸಡಿಲ ಆಗೈತೆ" ಅಂದ. ಗೋಡೆ ತುಂಬ ಪರದೆ ಯಾಕೆಂದು ಕೇಳಿದ್ದವನು ಅವನೇ. ಈಗ ಅದರ ಮುಂದಿನಿಂದ ಏಳಲೊಲ್ಲ.

ಮೂರು ದಿನ ನಾವಿಬ್ಬರೂ ಕಂಬ ಕಂಬ ಹುಡುಕಿದೆವು. ಅವನು ಏಣಿ ಹತ್ತಿ ತಂತಿ ಹಿಡಿದು ಅಲ್ಲಾಡಿಸುವುದು, ನಾನು ಕೆಳಗೆ ಮೀಟರ್ ನೋಡುವುದು. ಬಿಸಿಲಿಲ್ಲ, ಮಳೆಯಿಲ್ಲ, ಮೋಡದ ಕೆಳಗೆ ಬರೀ ಗಾಳಿ. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಕಾಣುತ್ತಿತ್ತು. ಅಮಾವಾಸ್ಯೆಗೆ ಎರಡು ದಿನ ಇರುವಾಗ, ಶೇಂಗಾ ಹೊಲವೊಂದರ ಬದುವಿನ ಕಂಬದ ಮೇಲಿಂದ ಅವನು ಕೂಗಿದ, "ಸಿಕ್ತು ಸಾರ್, ಕಳ್ಳ ಸಿಕ್ಕ!" ಗಾಳಿಗೆ ತೂಗಿ ತೂಗಿ ಅಲ್ಲಿನ ಜಾಯಿಂಟು ಬಾಗಿಹೋಗಿತ್ತು. ಹೊಲದ ಬದುವಿನಲ್ಲೇ ಕೂತು, ಕೂದಲೆಳೆಯಂಥ ಎರಡು ತುದಿಗಳನ್ನು ಒರೆಸಿ, ಕತ್ತರಿಸಿ, ಯಂತ್ರದಲ್ಲಿಟ್ಟು ಬೆಸೆದ. ಕಡಿದ ಎಳೆಯನ್ನು ಸೇರಿಸುವ ಕೆಲಸ ನಮ್ಮದೂ ಹೌದಲ್ಲ ಎಂದು ನನಗೆ ಆಗ ಹೊಳೆಯಿತು, ಆದರೆ ಅವನಿಗೆ ಹೇಳಲು ನಾಚಿಕೆಯಾಯಿತು.

ಆ ರಾತ್ರಿಯೇ ಎರಡನೆಯ ರೂಲ್ ಬರೆದೆ. ಆ ಬೀದಿಯಲ್ಲಿ ತಂತಿ ಎಷ್ಟೇ ತುಂಬಿರಲಿ, ವಿಡಿಯೋ ಕರೆಯ ಚಿತ್ರಕ್ಕೆ ಮೊದಲು ದಾರಿ, ಸದ್ದು ಆಮೇಲೆ, ಟೀವಿ ಅದಕ್ಕೂ ಆಮೇಲೆ. ಹೆಸರು 'ಕೈ ಮೊದಲು'. ಕಾರಣದ ಜಾಗ ಇದಕ್ಕೂ ಖಾಲಿ ಬಿಟ್ಟೆ.

ಅಮಾವಾಸ್ಯೆ ಬಂತು. ಬೆಳಿಗ್ಗೆಯೇ ಆ ಬೀದಿಯ ಮೂರು ಚುಕ್ಕಿ ಬೂದಾದವು. ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದ ದಿನವೇ ನನಗೆ ಆ ಮನೆ ಕಾಣುವಂತಿರಲಿಲ್ಲ. ಇದೊಂದು ಸಲ ಪೆಟ್ಟಿಗೆ ಕೀಳಬೇಡಿರಮ್ಮ ಎಂದು ಕೇಳೋಣವೆಂದು ಫೋನ್ ಎತ್ತಿಕೊಂಡೆ. ಕೇಳಿದ್ದರೆ ಆಕೆ ಇಲ್ಲವೆನ್ನುತ್ತಿರಲಿಲ್ಲ. ಆದರೆ ಎರಡು ತಿಂಗಳು ಅಳೆದು ಅಳೆದು ನಾನು ತಿಳಿದದ್ದಾದರೂ ಏನು? ಅವರ ರಜೆ ಮುರಿಯಲು ಮನಸ್ಸಾಗದೆ ಫೋನ್ ಕೆಳಗಿಟ್ಟೆ.

ಇಡೀ ದಿನ ಆ ಬೂದು ಚುಕ್ಕಿ ನೋಡುತ್ತಾ ಕೂತಿದ್ದೆ. ಮಧ್ಯಾಹ್ನ ತಿಪ್ಪೇಸ್ವಾಮಿ ಮನೆಯಿಂದ ಹೋಳಿಗೆ ತಂದಿಟ್ಟು, "ತಿನ್ರಿ ಸಾರ್, ಜಾಯಿಂಟ್ ನಾನು ಹಾಕಿರೋದು, ಬಿಡಲ್ಲ" ಅಂದ. ಅವನ ದನಿಯಲ್ಲೂ ಅಷ್ಟೇನೂ ಧೈರ್ಯವಿರಲಿಲ್ಲ.

ಮಾರನೆಯ ಬೆಳಿಗ್ಗೆ ಚುಕ್ಕಿ ಹಸಿರಾಯಿತು. ಪೆಟ್ಟಿಗೆ ಹಚ್ಚಿದ್ದಾರೆ. ಹಿಂದೆಯೇ ಫೋನ್ ಬಂತು.

"ಸಾರ್, ನಾನು, ಲಕ್ಷ್ಮೀದೇವಮ್ಮ. ನಿನ್ನೆ ನಾಲ್ಕು ಗಂಟೆ ಹೊತ್ತು ಮಾತಾಡಿದ್ವಿ. ಒಂದು ಸಲ ಕೂಡ ನಿಲ್ಲಲಿಲ್ಲ." ಹಿಂದೆ ಮಗ್ಗದ ಮನೆಯ ಗಡಿಯಾರದ ಸದ್ದು ಕೇಳುತ್ತಿತ್ತು. "ಬ್ಯಾಗ್ ಬಿಚ್ಚಿದ್ಲು ಸಾರ್. ನಾನು ನೋಡ್ತಿರಂಗೇ ಒಂದೊಂದೇ ಬಟ್ಟೆ ತೆಗೆದು ಬೀರಿನಾಗೆ ಇಟ್ಲು."

"ಸರಿ ಅಮ್ಮ" ಎಂದಷ್ಟೇ ಹೇಳಿ ಫೋನಿಟ್ಟೆ. ಮೂವತ್ತು ವರ್ಷದ ಕೆಲಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ. ಕೆಲಸ ಒಪ್ಪಿಸುವುದು ದೀಪಾವಳಿ ದಾಟಿ ಸಂಕ್ರಾಂತಿಗೆ ಹೋಯಿತು. ಮಾಲೀಕರು ಸಂಕ್ರಾಂತಿವರೆಗೂ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಡದಿದ್ದರೆ ಬೇಡ.

ಇದನ್ನೆಲ್ಲ ಸಹನಾಗೆ ಮೊಳಕಾಲ್ಮೂರಿನ ದಾರಿಯಲ್ಲಿ ಹೇಳುತ್ತಾ ಹೋದೆ. ಅವಳು ಕಾರು ಓಡಿಸುತ್ತಾ ಕೇಳಿದಳು.

ಲಕ್ಷ್ಮೀದೇವಮ್ಮನ ಕೂದಲು ಪೂರ್ತಿ ಬೆಳ್ಳಗಾಗಿದೆ. ಅದೇ ಮಗ್ಗ, ಅದೇ ಕೂಚೋಂಡಿ. ಈ ಸಲ ಹೇಳಿದ ತಕ್ಷಣ ಕೂತೆ. ಏಳಕ್ಕೆ ತಂಬಿಗೆಗೆ ಒರಗಿಸಿದ ಫೋನಿನಲ್ಲಿ ನಾಗವೇಣಿ ಬಂದಳು. ಈಗ ಟೀಚರು. ವಸತಿ ಶಾಲೆಯ ಏಳೆಂಟು ಮಕ್ಕಳು ಅವಳ ಭುಜದ ಮೇಲಿಂದ ಇಣುಕುತ್ತಿದ್ದರು. ತಾಯಿ ನನ್ನ ಕಡೆ ತೋರಿಸಿ, ಗೋಡೆಯಿಂದ ಏನನ್ನೋ ಕಿತ್ತ ಹಾಗೆ ಮಾಡಿ, ಅದೇ ಬೆರಳಿನಿಂದ ಹಣೆಯ ಮೇಲೊಂದು ಬೊಟ್ಟಿಟ್ಟುಕೊಂಡರು.

"ಇದೇನಮ್ಮ?" ಸಹನಾ ಕೇಳಿದಳು.

"ಸಾರ್ ಹೆಸರು. ವೈರ್ ಕಿತ್ತು ಕುಂಕುಮ ಇಟ್ಟಿದ್ವಲ್ಲ, ಆವಾಗಿಂದ ಇವರ ಹೆಸರು ಇದೇ."

ನನಗೆ ಆರು ವರ್ಷದಿಂದ ಒಂದು ಹೆಸರಿತ್ತು, ನನಗೇ ಗೊತ್ತಿರಲಿಲ್ಲ. ನಾಗವೇಣಿ ಹಿಂದೆ ತಿರುಗಿ ಮಕ್ಕಳಿಗೆ ಏನೋ ಹೇಳಿದಳು. ಆ ಮಕ್ಕಳೆಲ್ಲ ಒಟ್ಟಿಗೆ ಗಾಳಿಯಲ್ಲಿ ವೈರು ಕಿತ್ತು, ಹಣೆಗೆ ಬೊಟ್ಟಿಟ್ಟುಕೊಂಡು ನನ್ನನ್ನು ಕೂಗಿದವು. ಒಂದು ಕೈಯೂ ಮಧ್ಯದಲ್ಲಿ ನಿಲ್ಲಲಿಲ್ಲ. ನಾನು ಕಣ್ಣೊರೆಸಿಕೊಂಡು ಎರಡೂ ಕೈ ಎತ್ತಿದೆ. ಏನು ಹೇಳಬೇಕೋ ಬರಲಿಲ್ಲ, ಸುಮ್ಮನೆ ಆಡಿಸಿದೆ. ಅವು ನಕ್ಕವು.

ಮಾರನೆಯ ದಿನ ಆಫೀಸಿನಲ್ಲಿ ಸಹನಾ ಎರಡೂ ರೂಲುಗಳನ್ನು ಹೊಸ ಸಿಸ್ಟಮ್ಮಿಗೆ ತಾನೇ ಬರೆದುಕೊಂಡಳು. ಅಮಾವಾಸ್ಯೆಯದಕ್ಕೆ, ಅಂದು ಮಗ್ಗಕ್ಕೂ ಪೆಟ್ಟಿಗೆಗೂ ರಜಾ ಎಂದು ಕಾರಣ ಬರೆದಳು. ಎರಡನೆಯದರ ಖಾಲಿ ಜಾಗಕ್ಕೆ ಬಂದಾಗ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಟೈಪ್ ಮಾಡಿದಳು: ಈ ಬೀದಿಯಲ್ಲಿ ಒಬ್ಬ ಅವ್ವ ಮಗಳ ಜೊತೆ ಮಾತಾಡುತ್ತಾಳೆ.